ಹಾವು ಕಚ್ಚಿದಾಗ ಮೊದಲು ಯಾರ ಬಾಗಿಲು? ವಿಜ್ಞಾನ ಗೊತ್ತಿದ್ದೂ ಯಾಕೆ ಹೀಗೆ?

ಸೋಗೆಮನೆ
ಮುಂಗಾರು ಹಿಡೀತು. ಗದ್ದೆ ಕೆಲಸ, ತೋಟದ ಕಳೆ, ಸೊಪ್ಪು ಹೊರೋದು ಎಲ್ಲ ಒಟ್ಟಿಗೆ ಶುರು, ಹಾವು ಕಡಿತವೂ ಶುರು. ಹಾಲಿನ ಡೇರಿ, ಸೊಸೈಟಿ, ಬಸ್ ಸ್ಟಾಪ್ ಗೋಡೆಗೆ ಹಾಕೋಕೆ ಒಂದು ಬೋರ್ಡ್ ಬರೆಸಬೇಕು ಅಂತ ಊರಲ್ಲಿ ತೀರ್ಮಾನ ಆಗಿದೆ. ಏನು ಮಾಡಬೇಕು, ಏನು ಮಾಡಬಾರದು ಅನ್ನೋ ಪಟ್ಟಿ ಎಲ್ಲ ಕಡೆ ಸಿಗುತ್ತೆ. ನನ್ನ ಪ್ರಶ್ನೆ ಅದಲ್ಲ.

ಪಿಯುಸಿಯಲ್ಲಿ ಸೈನ್ಸ್ ಓದಿದವರು, ಮನೇಲಿ ನರ್ಸಿಂಗ್ ಕಲಿತ ಮಗಳು ಇರೋರು ಕೂಡ ಹಾವು ಕಚ್ಚಿದ ತಕ್ಷಣ ಮಂತ್ರ ಹಾಕೋರ ಮನೆಗೋ ಬೇರು ಅರೆಯೋರ ಮನೆಗೋ ಮೊದಲು ಓಡ್ತಾರೆ. ಆಸ್ಪತ್ರೆಯಲ್ಲಿ ವಿಷಕ್ಕೆ ಇಂಜೆಕ್ಷನ್ ಇದೆ ಅಂತ ಅವರಿಗೆ ಗೊತ್ತಿರುತ್ತೆ. ಗೊತ್ತಿದ್ದೂ ಹೋಗ್ತಾರೆ. ಹಾಗಾದ್ರೆ ಇನ್ನಷ್ಟು ವಿಜ್ಞಾನ ಹೇಳೋದ್ರಿಂದ ಏನಾದ್ರೂ ಪ್ರಯೋಜನ ಇದೆಯಾ? ಇಲ್ಲ, ನಂಬಿಕೆ, ಭಯ, ಮರ್ಯಾದೆ, ಇವುಗಳ ಜೊತೆ ಮಾತಾಡೋ ರೀತಿ ಬೇರೆ ಬೇಕಾ? ಈ ಕೆಲಸ ಬಲ್ಲವರು ಹೇಳಿ.

ಲ್ಯಾಬ್ ಮೇಜು
ಅವರು ದಡ್ಡತನಕ್ಕೆ ಹೋಗೋದಲ್ಲ. ನಾಟಿ ವೈದ್ಯರ ಕೈಗುಣ ಕಣ್ಣಿಗೆ ಕಾಣುತ್ತೆ, ಅದಕ್ಕೆ ಹೋಗ್ತಾರೆ. ಒಂದು ಲೆಕ್ಕ ಹಾಕೋಣ, ಅಂಕಿಗಳು ಬರೀ ಉದಾಹರಣೆಗೆ. 100 ಜನಕ್ಕೆ ಹಾವು ಕಚ್ಚಿತು ಅಂದ್ಕೊಳ್ಳಿ. ಅದರಲ್ಲಿ 70 ಕಡಿತ ಕೇರೆ, ನೀರೊಳ್ಳೆ, ತೋಳ ಹಾವು, ಹಸಿರು ಹಾವಿನದ್ದು. ಮನುಷ್ಯನ ಜೀವಕ್ಕೆ ಅಪಾಯ ಇಲ್ಲದವು. ಉಳಿದ 30 ವಿಷದ ಹಾವು, ಆದ್ರೆ 10 ಕಡಿತದಲ್ಲಿ ಹಲ್ಲು ತಾಗಿದೆ, ವಿಷ ಇಳಿದಿಲ್ಲ. ಇದನ್ನ ಒಣ ಕಡಿತ ಅಂತಾರೆ. ಉಳಿದ 20ರಲ್ಲಿ ಅರ್ಧ ಜನಕ್ಕೆ ಇಳಿದ ವಿಷ ಕಡಿಮೆ, ಹೇಗೋ ಬದುಕಿಕೊಳ್ತಾರೆ. ಅಲ್ಲಿಗೆ ಏನೂ ಮಾಡದೇ ಇದ್ರೂ 90 ಜನ ಉಳಿದ್ರು. ಇವರೆಲ್ಲರಿಗೂ ಬೇರು ಕುಡಿಸಿದ್ರೆ ಬೇರಿನ ಹೆಸರಿಗೆ 90 ಜೀವ.

ಆಸ್ಪತ್ರೆ ಕಡೆ ಲೆಕ್ಕ ಉಲ್ಟಾ. ಮೈಯೆಲ್ಲ ವಿಷ ಏರಿ, ನಾಟಿಯವರು ಕೈಚೆಲ್ಲಿದ ಮೇಲೆ ಬರೋ ಆ ಹತ್ತು ಜನರೇ ಅಲ್ಲಿ ಸಾಯೋದು. ಊರಿಗೆ ಕಾಣೋದು ಏನು? "ಅಲ್ಲಿ ಹೋದೋರು ಮನೆಗೆ ನಡ್ಕೊಂಡು ಬಂದ್ರು, ದೊಡ್ಡಾಸ್ಪತ್ರೆಗೆ ಹೋದೋರು ಹೆಣವಾಗಿ ಬಂದ್ರು." ಕಣ್ಣಾರೆ ಕಂಡ ಸತ್ಯ ಅದು. ತೀರ್ಮಾನ ಮಾತ್ರ ತಪ್ಪು. ಇದನ್ನ ಮೂಢನಂಬಿಕೆ ಅಂತ ಬೈದ್ರೆ ಯಾರೂ ಕೇಳಲ್ಲ. ಈ ಲೆಕ್ಕವನ್ನೇ ನೆಲದ ಮೇಲೆ ನೂರು ಅಡಿಕೆ ಇಟ್ಟು ತೋರಿಸಿ, ಎಪ್ಪತ್ತನ್ನ ಪಕ್ಕಕ್ಕೆ ಸರಿಸಿ, ಹತ್ತನ್ನ ಸರಿಸಿ, ಇನ್ನೂ ಹತ್ತನ್ನ ಸರಿಸಿ. ಹತ್ತು ನಿಮಿಷದಲ್ಲಿ ಅರ್ಥ ಆಗುತ್ತೆ.

ಹಿನ್ನೀರು
ಅಡಿಕೆ ಇಟ್ಟು ತೋರಿಸೋದು ಚೆನ್ನಾಗಿದೆ. ಬೋರ್ಡಿಗಿಂತ ಇದೇ ಒಳ್ಳೇದು.

ಕಾನಂಚು
ಲ್ಯಾಬ್ ಮೇಜು ಹೇಳಿದ್ದಕ್ಕೆ ಮನಸ್ಸಿನ ಭಾಗ ಸೇರಿಸ್ತೀನಿ, ಅದಿಲ್ಲದೆ ಚಿತ್ರ ಪೂರ್ತಿ ಆಗಲ್ಲ.

ಹಾವು ಕಚ್ಚಿತು ಅಂದ ಕೂಡಲೇ ಎದೆ ಡವಗುಟ್ಟುತ್ತೆ, ಉಸಿರು ಜೋರಾಗುತ್ತೆ. ಹತ್ತು ನಿಮಿಷ ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮ್ಮೆನ್ನುತ್ತೆ, ಕೈ ಸೆಟೆಯುತ್ತೆ, ತಲೆ ತಿರುಗುತ್ತೆ. ಬೆವರು, ವಾಂತಿ ಕೂಡ ಬರಬಹುದು. ಕೇರೆ ಹಾವು ಕಚ್ಚಿದ್ರೂ ಇಷ್ಟೂ ಆಗುತ್ತೆ. ನೋಡಿದವರು "ವಿಷ ತಲೆಗೇರ್ತಿದೆ" ಅಂತಾರೆ. ಆಗ ಒಬ್ಬರು ಹಿರಿಯರು ಭುಜ ಹಿಡಿದು ಕೂರಿಸಿ, ಗಟ್ಟಿ ದನಿಯಲ್ಲಿ ಮಂತ್ರ ಹೇಳಿ, "ಏನೂ ಆಗಲ್ಲ, ಇಳೀತು" ಅಂದ್ರೆ ಉಸಿರು ಹದಕ್ಕೆ ಬರುತ್ತೆ, ಜುಮ್ಮೆನ್ನೋದು ನಿಲ್ಲುತ್ತೆ. ಇಳಿದಿದ್ದು ಭಯ. ಅದು ನಿಜವಾದ ಉಪಶಮನ, ಸುಳ್ಳಲ್ಲ. ಆದ್ರೆ ನಾಗರಹಾವಿನ ವಿಷ ನರ ಮತ್ತು ಸ್ನಾಯು ಸೇರೋ ಜಾಗದಲ್ಲಿ ಕೂತಿರುತ್ತೆ, ಅದಕ್ಕೆ ಈ ಸಮಾಧಾನ ತಟ್ಟಲ್ಲ.

ಬೇವಿನ ಸೊಪ್ಪು ತಿನ್ನಿಸಿ "ಕಹಿ ಇದೆಯಾ" ಅಂತ ಕೇಳೋ ಪರೀಕ್ಷೆಯೂ ಹೀಗೇ. ಹೆದರಿ ಬಾಯಿ ಒಣಗಿದವನಿಗೆ ರುಚಿ ಸರಿಯಾಗಿ ತಿಳಿಯಲ್ಲ. ವಿಷ ಇಲ್ಲದವನಿಗೂ "ಕಹಿ ಇಲ್ಲ" ಅನ್ನಿಸುತ್ತೆ. ಕಟ್ಟು ಹಾವು ಕಚ್ಚಿ ಸಾವಿನ ದಾರಿಯಲ್ಲಿರೋನಿಗೆ ಮೊದಲ ಗಂಟೆಯಲ್ಲಿ ಬೇವು ಚೆನ್ನಾಗೇ ಕಹಿ ಇರುತ್ತೆ. ಅವನನ್ನ "ಏನಿಲ್ಲ, ಮಲಗು" ಅಂತ ಮನೆಗೆ ಕಳಿಸ್ತಾರೆ. ಆ ಪರೀಕ್ಷೆ ಜೀವ ತೆಗೆಯೋದು ಹೀಗೆ.

ತುಂಗಾತೀರ
ಒಂದು ಆಕ್ಷೇಪ ಇದೆ. ಎಲ್ಲವನ್ನೂ ಮನಸ್ಸಿನ ಆಟ ಅಂತ ಒರೆಸಿ ಹಾಕೋದು ಸರಿಯಲ್ಲ. ನಾಟಿ ಔಷಧಿಯಿಂದ ಆಧುನಿಕ ವೈದ್ಯಕ್ಕೆ ಬಂದಿದ್ದು ಎಷ್ಟಿಲ್ಲ? ಸರ್ಪಗಂಧಿ ಬೇರು ನೋಡಿ. ಹಾವು ಕಡಿತಕ್ಕೆ, ಬುದ್ಧಿಭ್ರಮಣೆಗೆ ಅಂತ ತಲೆಮಾರುಗಳಿಂದ ಕೊಡ್ತಿದ್ರು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಲ್ ವಕೀಲ್ ಅದರಿಂದ ರಕ್ತದೊತ್ತಡ ಇಳಿಯೋದನ್ನ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ್ರು. 1952ರಲ್ಲಿ ಅದರಿಂದ ರೆಸರ್ಪಿನ್ ಅನ್ನೋ ಔಷಧಿ ಬೇರ್ಪಡಿಸಿದ್ರು. ಮಿದುಳಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕಕ್ಕೂ ಮನಸ್ಸಿನ ಸ್ಥಿತಿಗೂ ಸಂಬಂಧ ಇದೆ ಅನ್ನೋ ವಿಚಾರ ಬೆಳೆದಿದ್ದರಲ್ಲಿ ಈ ಔಷಧಿಯ ಪಾಲೂ ಇದೆ. ನಮ್ಮ ಕಾಡಿನ ಬೇರು ಮನಸ್ಸಿನ ವಿಜ್ಞಾನವನ್ನೇ ಮುಂದೆ ತಳ್ಳಿದೆ. ಅಜ್ಜಂದಿರಿಗೆ ಏನೂ ಗೊತ್ತಿರಲಿಲ್ಲ ಅನ್ನಬೇಡಿ.

ಪಾಳಿ ಡ್ಯೂಟಿ
@ತುಂಗಾತೀರ ನೀವು ಹೇಳಿದ್ದು ಪೂರ್ತಿ ಸರಿ, ಹಾವು ಕಡಿತಕ್ಕೆ ಅದನ್ನ ಯಾಕೆ ಕೊಡಬಾರದು ಅನ್ನೋದಕ್ಕೂ ಅದೇ ಉತ್ತರ. ಕೊಳಕುಮಂಡಲ ಕಚ್ಚಿದವರಿಗೆ ರಕ್ತದೊತ್ತಡ ತಾನಾಗೇ ಕುಸೀತಿರುತ್ತೆ. ಅದರ ಮೇಲೆ ಒತ್ತಡ ಇಳಿಸೋ ಬೇರು ಕುಡಿಸಿದ್ರೆ ಏನಾಗುತ್ತೆ? ಬೇರಿಗೆ ಶಕ್ತಿ ಇದೆ ಅಂತ ಒಪ್ಪಿದ ಮೇಲೆ ಅದು ಕೆಡುಕೂ ಮಾಡಬಹುದು ಅಂತ ಒಪ್ಪಲೇಬೇಕು.

ಇನ್ನೊಂದು ಈಶ್ವರಿ ಬೇರು. ನಮ್ಮ ಕಡೆ ಹಾವಿನ ಔಷಧಿ ಅಂದ ಕೂಡಲೇ ನೆನಪಾಗೋದೇ ಅದು. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ, ಮೂತ್ರಪಿಂಡ ಹಾಳು ಮಾಡುತ್ತೆ, ಮೂತ್ರನಾಳದ ಕ್ಯಾನ್ಸರ್‌ಗೂ ಕಾರಣ. ಕೊಳಕುಮಂಡಲದ ವಿಷ ಹೊಡೆಯೋದೂ ಮೂತ್ರಪಿಂಡಕ್ಕೇ.

ಮಲೆನಾಡಗಿಡ್ಡ
ವಿಷದ ಕಲ್ಲು? ಗಾಯಕ್ಕೆ ಅಂಟಿಕೊಂಡು, ವಿಷ ಹೀರಿದ ಮೇಲೆ ತಾನೇ ಬಿದ್ದು ಹೋಗುತ್ತೆ ಅಂತಾರಲ್ಲ.

ಲ್ಯಾಬ್ ಮೇಜು
ಅದು ಹೆಚ್ಚಾಗಿ ಸುಟ್ಟ ಮೂಳೆ. ತುಂಬ ಸಣ್ಣ ರಂಧ್ರ ಇರೋದ್ರಿಂದ ಒದ್ದೆ ಗಾಯಕ್ಕೆ, ಬಳಪ ತುಟಿಗೆ ಅಂಟೋ ಹಾಗೆ, ಅಂಟಿಕೊಳ್ಳುತ್ತೆ. ರಂಧ್ರಗಳಲ್ಲಿ ರಕ್ತ ತುಂಬಿದ ಮೇಲೆ ಬೀಳುತ್ತೆ. ಮುಳ್ಳು ಚುಚ್ಚಿದ ಗಾಯಕ್ಕೆ ಇಟ್ಟು ನೋಡಿ, ಅದಕ್ಕೂ ಅಂಟಿ, ಅದರಿಂದಲೂ ಬೀಳುತ್ತೆ. ಅಲ್ಲಿ ಯಾವ ವಿಷ ಇತ್ತು? ಕೊಳಕುಮಂಡಲದ ಹಲ್ಲು ಒಂದು ಸೆಂಟಿಮೀಟರಿಗೂ ಉದ್ದ, ವಿಷ ಚರ್ಮದ ಕೆಳಗೆ ಆಳಕ್ಕೆ ಇಳಿದು ದುಗ್ಧನಾಳ ಹಿಡಿದು ಹೋಗಿರುತ್ತೆ. ಮೇಲಿಟ್ಟ ಕಲ್ಲಿಗೆ ಅದು ಸಿಗಲ್ಲ. ಕೊಯ್ದು ಹೀರೋದೂ ಇಷ್ಟೇ. ಜೊತೆಗೆ ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಬ್ಲೇಡ್ ಹಾಕಿದ ಜಾಗದಿಂದ ರಕ್ತ ನಿಲ್ಲೋದೇ ಇಲ್ಲ.

ನಾಗಬನ
ನೀವೆಲ್ಲ ವಿಷದ ಬಗ್ಗೆ ಮಾತಾಡ್ತಿದ್ದೀರಿ. ಮನೆಯೊಳಗೆ ಏನಾಗುತ್ತೆ ಅಂತ ಯಾರೂ ಹೇಳ್ತಿಲ್ಲ. ನಾಗರಹಾವು ಕಚ್ಚಿತು ಅಂದ್ರೆ ಬಹಳ ಮನೆಗಳಲ್ಲಿ ಮೊದಲು ಏಳೋ ಪ್ರಶ್ನೆ "ಏನು ತಪ್ಪಾಯ್ತು?" ಬನದ ಹತ್ರ ಮೈಲಿಗೆಯಾಯ್ತಾ, ಹರಕೆ ಬಾಕಿ ಇತ್ತಾ, ಹಿಂದಿನವರು ಹಾವು ಕೊಂದಿದ್ರಾ. ಕಚ್ಚಿಸಿಕೊಂಡವರು ಹೆಣ್ಣುಮಕ್ಕಳಾದ್ರೆ ಆ ಪ್ರಶ್ನೆ ಇನ್ನೂ ಚೂಪು. ಅದಕ್ಕೇ ಬಾಯಿಬಿಡಲ್ಲ, ಮುಳ್ಳು ತರಚಿತು ಅಂತಾರೆ. ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ, ಮಂತ್ರ ಹಾಕೋರ ಮನೆಗಾದ್ರೆ ಹಿತ್ತಲ ದಾರಿಯಲ್ಲಿ ಹೋಗಿ ಬರಬಹುದು. ಈ ಸಂಕೋಚಕ್ಕೆ ಕಳೆದುಹೋಗೋ ಹೊತ್ತೇ ಜೀವ ತೆಗೆಯೋದು. ಬೋರ್ಡಲ್ಲಿ ಎಷ್ಟು ವಿಷಶಾಸ್ತ್ರ ಬರೆದ್ರೂ ಇದಕ್ಕೆ ಉತ್ತರ ಆಗಲ್ಲ.

ಅಗ್ರಹಾರ
@ನಾಗಬನ ಇದಕ್ಕೆ ಶಾಸ್ತ್ರದ ಕಡೆಯಿಂದಲೇ ಉತ್ತರ ಇದೆ, ಅದನ್ನ ಪುರೋಹಿತರೇ ಗಟ್ಟಿಯಾಗಿ ಹೇಳಬೇಕು. ಪ್ರಾಣಕ್ಕೆ ಕುತ್ತು ಬಂದಾಗ ಆಪದ್ಧರ್ಮ. ಮೈಲಿಗೆ, ನೇಮ, ವ್ರತ ಎಲ್ಲ ಆಮೇಲೆ. ಆಶ್ಲೇಷಾ ಬಲಿಗೆ, ತಂಬಿಲಕ್ಕೆ, ಹರಕೆಗೆ ಒಂದು ತಿಂಗಳು ತಡವಾದ್ರೆ ಯಾವ ದೋಷವೂ ಇಲ್ಲ. ಚಿಕಿತ್ಸೆಗೆ ಎರಡು ಗಂಟೆ ತಡವಾದ್ರೆ ಸರಿಪಡಿಸೋಕೆ ಆಗಲ್ಲ. ಡಿಸ್ಚಾರ್ಜ್ ಆದ ಮೇಲೆ ನಾಗನಿಗೆ ಹಾಲು ಹಾಯಿಸಿ ಬನ್ನಿ ಅಂತ ಅರ್ಚಕರು ಹೇಳಿದ್ರೆ, ಆ ಒಂದು ಮಾತು ಎಷ್ಟೋ ಮನೆಯವರನ್ನ ಜೀಪು ಹತ್ತಿಸುತ್ತೆ.

ಕವಲುದಾರಿ
ಇದು ರಾಜಿ. ಕೊನೆಗೂ ದೋಷ ಇದೆ ಅಂತಲೇ ಒಪ್ಪಿದ ಹಾಗಾಯ್ತು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿವಿ ಕುಲಪತಿಯಾಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿಯನ್ನೇ ಮಾಡಿದ್ರು. ನಾವು ಐವತ್ತು ವರ್ಷ ಆದ್ಮೇಲೂ ಅರ್ಚಕರ ಮಾತಿಗೆ ಕಾಯಬೇಕಾ? ಸಂವಿಧಾನದ 51ಎ ಪರಿಚ್ಛೇದದಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸೋದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅಂತಿದೆ.

ಕಾನಂಚು
@ಕವಲುದಾರಿ ಅದೇ ಪರಿಚ್ಛೇದ ಇನ್ನೊಮ್ಮೆ ಓದಿ. ಹೆಚ್ ಖಂಡದಲ್ಲಿ ವೈಜ್ಞಾನಿಕ ಮನೋಭಾವ, ಅದರ ಜೊತೆಗೇ ಮಾನವೀಯತೆ. ಅದಕ್ಕಿಂತ ಒಂದು ಸಾಲು ಮೇಲೆ, ಜಿ ಖಂಡದಲ್ಲಿ, ಕಾಡು-ಕೆರೆ-ನದಿ ಕಾಪಾಡೋದು, ಜೀವಿಗಳ ಮೇಲೆ ದಯೆ. ಎರಡೂ 1976ರ 42ನೇ ತಿದ್ದುಪಡಿಯಲ್ಲೇ ಬಂದಿದ್ದು. ಹಾವನ್ನ ಕೊಲ್ಲಬಾರದು ಅನ್ನೋದು ಮೌಲ್ಯ. ಪ್ರಯೋಗಾಲಯದಲ್ಲಿ ಅದನ್ನ ಸರಿ ಅಥವಾ ತಪ್ಪು ಅಂತ ಸಾಧಿಸೋಕೆ ಬರಲ್ಲ, ಅದು ನಾವು ಹೇಗೆ ಬದುಕಬೇಕು ಅನ್ನೋದರ ತೀರ್ಮಾನ. ಕಲ್ಲು ವಿಷ ಹೀರುತ್ತೆ ಅನ್ನೋದು ಸಂಗತಿ. ಅದನ್ನ ಪರೀಕ್ಷಿಸಬಹುದು, ಪರೀಕ್ಷೆಯಲ್ಲಿ ಬಿದ್ದಿದೆ. ಇವೆರಡನ್ನೂ ಒಂದೇ ಮೂಟೆ ಕಟ್ಟಿ "ಮೂಢನಂಬಿಕೆ" ಅಂತ ಎಸೆದ್ರೆ, ಜನ ಎರಡನ್ನೂ ಎತ್ತಿಕೊಂಡು ಎದೆಗೆ ಅಪ್ಪಿಕೊಳ್ತಾರೆ. ಬೇರೆ ಬೇರೆ ಮಾಡಿ ಕೊಟ್ರೆ ಕಲ್ಲನ್ನ ಬಿಡ್ತಾರೆ, ನಾಗನ ಮೇಲಿನ ಗೌರವ ಉಳಿಯುತ್ತೆ. ನನಗೆ ಬೇಕಾಗಿರೋದೂ ಅಷ್ಟೇ.

ಕಾನೂನು ಪುಟ
ಕಾಯ್ದೆಯೂ ಇದೇ ಗೆರೆ ಎಳೆದಿದೆ. ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಗೊಳ್ಳದ ಹಾಗೆ ತಡೆದು, ಅದರ ಬದಲು ಮಂತ್ರ-ತಂತ್ರ, ದಾರ ಕಟ್ಟೋದು ಮಾಡಿದ್ರೆ ಅಪರಾಧ. ತಡೆಯೋದು ಅನ್ನೋದು ಇಲ್ಲಿ ಮುಖ್ಯ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗೆ ಆ ಕಾಯ್ದೆ ಅಡ್ಡ ಬರಲ್ಲ. ಹಾಗಾಗಿ ಅಗ್ರಹಾರ ಅವರು ಹೇಳಿದ ದಾರಿ ಕಾನೂನಿಗೂ ಸರಿ.

ಮತ್ತೆ 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ. ಖಾಸಗಿ ಆಸ್ಪತ್ರೆಗಳೂ ಪ್ರತಿ ಕಡಿತ, ಪ್ರತಿ ಸಾವನ್ನ ಸರ್ಕಾರಕ್ಕೆ ವರದಿ ಮಾಡಬೇಕು. ದೇಶದಲ್ಲಿ ಮೊದಲು ಮಾಡಿದ್ದು ನಮ್ಮ ರಾಜ್ಯ.

ಬಯಲುಸೀಮೆ ಬೀಗರು
ಮೌಲ್ಯ ಜನರ ಕಡೆ, ಸಂಗತಿ ವಿಜ್ಞಾನದ ಕಡೆ ಅಂತ ಹಂಚಿಬಿಟ್ರಲ್ಲ, ನಾನು ಒಪ್ಪಲ್ಲ. ವಿಜ್ಞಾನ ಯಾವ ಪ್ರಶ್ನೆ ಎತ್ತಿಕೊಳ್ಳುತ್ತೆ ಅನ್ನೋದರಲ್ಲೂ ಮೌಲ್ಯ ಇದೆ. ನಮ್ಮ ದೇಶದ ಎಎಸ್‌ವಿ, ಅಂದ್ರೆ ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡೋ ಇಂಜೆಕ್ಷನ್, ನಾಲ್ಕೇ ಹಾವಿಗೆ ಮಾಡಿದ್ದು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ. ಯಾರ ಊರಲ್ಲಿ ಯಾವ ಹಾವು ಕಚ್ಚುತ್ತೆ ಅಂತ ನೋಡಿ ಆರಿಸಿದ್ದು ಇದು, ಹಾಗಾಗಿ ಕೆಲವರು ಹೊರಗುಳಿದ್ರು. ಹೊರಗುಳಿದವರು ನೀವೇ, ಮಲೆನಾಡಿನವರು.

ಜಿಗಣೆ ಹೊಳೆ
ಹೌದು! ಮಳೆಗಾಲದಲ್ಲಿ ಕಾಫಿ, ಅಡಿಕೆ, ಏಲಕ್ಕಿ ತೋಟದ ದರಕಿನಲ್ಲಿ ಕಚ್ಚೋದು ಬಹಳ ಸಲ ಹಿಪ್ನೇಲ್, ಅಂದ್ರೆ ಗೂನುಮೂಗಿನ ಗುಳಿಮಂಡಲ. ಗೇಣುದ್ದದಿಂದ ಮೊಳದುದ್ದದವರೆಗೆ ಇರುತ್ತೆ, ಒಣ ಎಲೆಯ ಬಣ್ಣ, ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತೆ, ತಲೆ ಅಗಲ. ಎಲೆ ಬಾಚೋ ಕೈಗೆ ಕಚ್ಚುತ್ತೆ. ಜೋರು ಬಾವು, ಗುಳ್ಳೆ, ಕೆಲವರಿಗೆ ರಕ್ತ ಹೆಪ್ಪುಗಟ್ಟೋದು ಕೆಟ್ಟು ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಎಎಸ್‌ವಿ ಇದಕ್ಕೆ ಕೆಲಸ ಮಾಡಲ್ಲ. ಕಾಳಿಂಗಕ್ಕೂ ಆ ಎಎಸ್‌ವಿ ಮಾಡಿದ್ದಲ್ಲ. ಆಗುಂಬೆ ಕಾಡಲ್ಲಿ ಕಾಳಿಂಗ ಇದ್ರೂ ಅದು ಕಚ್ಚೋದು ಬಹಳ ಅಪರೂಪ ಅನ್ನೋದೇ ಸಮಾಧಾನ. ಇನ್ನು ನಾಲ್ಕರಲ್ಲಿ ಗರಗಸಮಂಡಲ ಒಣ ಬಯಲಿನ ಹಾವು, ನಮ್ಮ ಘಟ್ಟದ ದಟ್ಟ ಮಳೆಕಾಡಿನದ್ದಲ್ಲ.

ಹೊಳೆಬಾಗಿಲು
ಹಾಗಾದ್ರೆ ಮಲೆನಾಡಲ್ಲಿ ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ ಅಂತ ಕೇಳೋರಿಗೆ ಏನು ಹೇಳೋದು? ಈ ಮಾತು ತಪ್ಪು ದಾರಿಗೆ ಹೋಗುತ್ತೆ, ಹುಷಾರು.

ಪಾಳಿ ಡ್ಯೂಟಿ
ಹುಷಾರಾಗೇ ಹೇಳ್ತೀನಿ. ಯಾವ ಹಾವು ಅಂತ ಮನೆಯವರು ತೀರ್ಮಾನ ಮಾಡೋದೇ ಬೇಡ. ಗಾಬರಿಯಲ್ಲಿ ಕೊಳಕುಮಂಡಲದ ಮರಿಯನ್ನ ಹಿಪ್ನೇಲ್ ಅಂದುಕೊಂಡ್ರೆ ಪ್ರಾಣಕ್ಕೆ ಸಂಚಕಾರ. ಆಸ್ಪತ್ರೆಯವರು ಹಾವಿನ ಹೆಸರಿಗೆ ಕಾಯಲ್ಲ, ಮೈ ಏನು ಹೇಳುತ್ತೆ ಅಂತ ನೋಡ್ತಾರೆ.

ರಕ್ತದ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ತಾಲೂಕು ಆಸ್ಪತ್ರೆ ಬಿಡಿ, ಪಿಎಚ್‌ಸಿಯಲ್ಲೂ ಮಾಡಬಹುದು. ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತವನ್ನ ಹೊಸ, ಒಣ, ಶುದ್ಧ ಗಾಜಿನ ಟ್ಯೂಬಿಗೆ ಹಾಕಬೇಕು. ಕೋಣೆಯ ತಾಪದಲ್ಲಿ 20 ನಿಮಿಷ ಮುಟ್ಟದೆ ನಿಲ್ಲಿಸಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ಇನ್ನೂ ನೀರಾಗಿ ಹರಿದ್ರೆ ಮಂಡಲದ ವಿಷ ಹೆಪ್ಪುಗಟ್ಟಿಸೋ ಅಂಶಗಳನ್ನ ತಿಂದುಹಾಕಿದೆ ಅಂತ ಅರ್ಥ. ಎಡವಟ್ಟಾಗೋದು ಇಲ್ಲೇ: ಪ್ಲಾಸ್ಟಿಕ್ ಟ್ಯೂಬಾದ್ರೆ ಸರಿ ಇರೋ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತೆ, ಯಾಕಂದ್ರೆ ಹೆಪ್ಪುಗಟ್ಟೋದನ್ನ ಚಾಲೂ ಮಾಡೋದೇ ಗಾಜಿನ ಮೈ. ಸೋಪಿನಲ್ಲಿ ತೊಳೆದ ಟ್ಯೂಬಿನದ್ದೂ ಅದೇ ಕಥೆ. ನಡುವೆ ಅಲ್ಲಾಡಿಸಿದ್ರೂ ಕೆಟ್ಟಿತು. ಮೊದಲ ಸಲ ಸರಿ ಬಂತು ಅಂತ ಮನೆಗೆ ಕಳಿಸೋ ಹಾಗಿಲ್ಲ, ಮತ್ತೆ ಮತ್ತೆ ಮಾಡಬೇಕು. ಅನುಮಾನದ ಕಡಿತ ಯಾವುದೇ ಇರಲಿ, 24 ಗಂಟೆ ನಿಗಾ.

ವಿಷದ ಲಕ್ಷಣ ಕಂಡ್ರೆ ಮೊದಲು ಸಾಮಾನ್ಯವಾಗಿ ಎಎಸ್‌ವಿಯ 10 ವೈಯಲ್ (ಚಿಕ್ಕ ಸೀಸೆ), ಒಂದು ಗಂಟೆಯಲ್ಲಿ ಡ್ರಿಪ್ ಮೂಲಕ. ಮಗುವಿಗೂ ಅಷ್ಟೇ, ಹಾವು ಮಗು ಅಂತ ಕಡಿಮೆ ವಿಷ ಬಿಡಲ್ಲವಲ್ಲ. ಎಎಸ್‌ವಿ ಕುದುರೆಯ ರಕ್ತದಿಂದ ಬರೋದು, ಅಲರ್ಜಿ ಆಗಬಹುದು, ಅದಕ್ಕೇ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲೇ ಇಟ್ಟಿರ್ತಾರೆ. ಮನೆಯಲ್ಲೋ ಕ್ಲಿನಿಕ್ಕಲ್ಲೋ ಸುಮ್ಮನೆ ಚುಚ್ಚೋ ಔಷಧಿ ಅಲ್ಲ. ಮಂಡಲ ಕಡಿತವಾದ್ರೆ 6 ಗಂಟೆ ಆದ್ಮೇಲೆ ಮತ್ತೆ ಆ ಟ್ಯೂಬ್ ಪರೀಕ್ಷೆ. ಪಿತ್ತಜನಕಾಂಗ ಹೊಸದಾಗಿ ಹೆಪ್ಪಿನ ಅಂಶ ತಯಾರಿಸೋಕೆ ಅಷ್ಟು ಹೊತ್ತು ಬೇಕು. ಹಿಪ್ನೇಲ್‌ಗೆ ಎಎಸ್‌ವಿ ನಾಟದೆ ಇದ್ರೂ, ಮೂತ್ರಪಿಂಡ ಕೈಕೊಟ್ರೆ ಡಯಾಲಿಸಿಸ್ ಇದೆ. ಕಟ್ಟು ಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡಿದ ಮೇಲೆ ಎಎಸ್‌ವಿಯಿಂದ ಅದು ತಕ್ಷಣ ಸರಿ ಹೋಗಲ್ಲ, ಆದ್ರೆ ಉಸಿರಿನ ಯಂತ್ರದಲ್ಲಿ ಕೆಲವು ದಿನ ಇಟ್ರೆ ನರ ತಾನೇ ಚೇತರಿಸಿಕೊಳ್ಳುತ್ತೆ, ಮನುಷ್ಯ ಎದ್ದು ನಡೀತಾನೆ. @ಹೊಳೆಬಾಗಿಲು ಆಸ್ಪತ್ರೆಗೆ ಹೋಗೋದು ಇಷ್ಟಕ್ಕೂ ಸೇರಿ. ಬರೀ ಒಂದು ಇಂಜೆಕ್ಷನ್‌ಗಲ್ಲ.

ಮಲೆನಾಡಗಿಡ್ಡ
ಇಷ್ಟು ವಿವರವಾಗಿ ಯಾವ ಕಾರ್ಯಕ್ರಮದಲ್ಲೂ ಹೇಳಿದ್ದಿಲ್ಲ. ಧನ್ಯವಾದ.

ಬಯಲುಸೀಮೆ ಬೀಗರು
ನನ್ನ ಮಾತಿಗೆ ಇನ್ನೊಂದು ತುದಿ ಇದೆ. ಎಎಸ್‌ವಿಗೆ ಬೇಕಾದ ವಿಷದ ದೊಡ್ಡ ಪಾಲು ಬರೋದು ತಮಿಳುನಾಡಿನ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾಗಿದ್ದು. ಹಿಂದೆ ಚರ್ಮಕ್ಕೆ ಹಾವು ಹಿಡೀತಿದ್ದ ಸಮುದಾಯದ ಕಣ್ಣು ಮತ್ತು ಕೈ ಇಲ್ಲದೆ ಇಡೀ ದೇಶದ ಚಿಕಿತ್ಸೆ ನಡೆಯಲ್ಲ. ಪರಂಪರೆಯ ಜ್ಞಾನಕ್ಕೆ ವಿಜ್ಞಾನದಲ್ಲಿ ಜಾಗ ಇಲ್ಲ ಅನ್ನೋರಿಗೆ ಇದೇ ಉತ್ತರ. ತೊಂದರೆ ಏನಂದ್ರೆ ನಾಗರಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತೆ. ಒಂದು ಕಡೆಯ ವಿಷದಿಂದ ಮಾಡಿದ ಔಷಧಿ ಇನ್ನೊಂದು ಕಡೆ ಕಡಿಮೆ ನಾಟುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಷ ಸಂಶೋಧನಾ ಲ್ಯಾಬ್ ಇದನ್ನೇ ಅಳೆದು ತೋರಿಸ್ತಿದೆ. ಮಲೆನಾಡಿಗೆ ತಕ್ಕ ಔಷಧಿ ಬೇಕು ಅಂತ ಕೇಳೋದು ವಿಜ್ಞಾನದ ವಿರೋಧ ಅಲ್ಲ, ಹಕ್ಕು.

ಸೊಪ್ಪಿನಬೆಟ್ಟ
ಸ್ವಲ್ಪ ಬೇರೆ ವಿಷಯ. ಮಂಗನ ಕಾಯಿಲೆಯಲ್ಲೂ ಇದೇ ಗಂಟು. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲೇ ಪತ್ತೆಯಾದ ರೋಗ, 2018-19ರಲ್ಲಿ ಸಾಗರದ ಅರಳಗೋಡು ಕಡೆ ಜೋರಾಯ್ತು. ಸತ್ತ ಮಂಗನಿಗೆ ನೀರು ಹಾಕಿ, ಹೂವು ಮುಡಿಸಿ, ಹೊತ್ತು ತಂದು ಮಣ್ಣು ಮಾಡೋದು ಹನುಮನ ಮೇಲಿನ ಭಕ್ತಿ. ಆದ್ರೆ ಮಂಗ ಸತ್ತ ಕೂಡಲೇ ಮೈ ಮೇಲಿನ, ಈ ಕಾಯಿಲೆ ಹರಡೋ ಉಣುಗು ತಣ್ಣಗಾದ ದೇಹ ಬಿಟ್ಟು ಕೆಳಗಿಳಿಯುತ್ತೆ, ಹೊತ್ತವರಿಗೇ ಹತ್ತುತ್ತೆ. ಮುಟ್ಟಬೇಡಿ ಅಂದ್ರೆ ಅಪಚಾರ ಅಂತ ಸಿಟ್ಟಾಗ್ತಾರೆ. ದೂರ ನಿಂತು ಕೈ ಮುಗೀರಿ, ಊದಿನಕಡ್ಡಿ ಹಚ್ಚಿ, ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಅವರು ಸ್ಯಾಂಪಲ್ ತೆಗೆದು ದಹನ ಮಾಡ್ತಾರೆ ಅಂದ್ರೆ ಒಪ್ತಾರೆ. ದಹನವೂ ಸಂಸ್ಕಾರವೇ ತಾನೆ.

ಹಿನ್ನೀರು
ಮಂಗನ ಕಾಯಿಲೆಗೆ ಕೊಡ್ತಿದ್ದ ಲಸಿಕೆ ಜನ ಬಿಟ್ಟಿದ್ದೂ ಮೂಢನಂಬಿಕೆಯಿಂದ ಅಂತ ಬರೆದಿದ್ರು. ಎರಡು ಡೋಸಿಗೆ 62 ಶೇಕಡಾ, ಬೂಸ್ಟರ್ ಸೇರಿದ್ರೆ 83 ಶೇಕಡಾ ರಕ್ಷಣೆ ಅಂತ ಅಧ್ಯಯನದಲ್ಲೇ ಬಂದಿತ್ತು. ಚುಚ್ಚಿದ ಕಡೆ ಭಾರಿ ನೋವು, ವರ್ಷ ವರ್ಷ ಬೂಸ್ಟರ್. ಕೂಲಿ ಬಿಟ್ಟು ಬರಬೇಕು. ಹಾಕಿಸಿಕೊಂಡವರಿಗೂ ಕಾಯಿಲೆ ಬಂದಿದ್ದನ್ನ ಜನ ನೋಡಿದ್ರು. ಆಮೇಲೆ ಆ ಲಸಿಕೆಯನ್ನ ನಿಲ್ಲಿಸಿಯೇಬಿಟ್ರು. ಜನರ ಅನುಮಾನದಲ್ಲೂ ಒಂದು ಲೆಕ್ಕ ಇರುತ್ತೆ, ಕಿವಿಗೊಡಬೇಕು.

ಕವಲುದಾರಿ
ಹಾಗಂತ ಎಲ್ಲ ಅನುಮಾನಕ್ಕೂ ತಲೆಬಾಗೋಕೆ ಆಗಲ್ಲ. 62 ಅಂದ್ರೂ ಸೊನ್ನೆಗಿಂತ ಎಷ್ಟೋ ಮೇಲು. ಆದ್ರೆ ಕಾನಂಚು ಹೇಳಿದ ಸಂಗತಿ-ಮೌಲ್ಯದ ಗೆರೆ ಒಪ್ತೀನಿ.

ನಾಗಬನ
ಪಂಚಮಿ ಹತ್ರ ಬರ್ತಿದೆ, ಇದನ್ನೂ ಹೇಳಿಬಿಡ್ತೀನಿ. ಬನ ಅಂದ್ರೆ ಮರ, ಬಳ್ಳಿ, ಹುತ್ತ, ದರಕು, ಹಾವಿಗೆ ಬೇಕಾದ ಕಪ್ಪೆ-ಇಲಿ ಎಲ್ಲ ಸೇರಿದ್ದು. ಈಗ ಮರ ಕಡಿದು, ಗ್ರಾನೈಟ್ ಹಾಸಿ, ಮೇಲೆ ಶೀಟ್ ಹೊದಿಸ್ತಿದ್ದಾರೆ. ಕಲ್ಲಿನ ನಾಗನಿಗೆ ಜಾಗ ಆಯ್ತು, ಹರಿದಾಡೋ ನಾಗ ಮನೆ ಹಿತ್ತಲಿಗೆ ಬಂತು. ಹಾವು ಕಡಿತ ಕಮ್ಮಿ ಆಗಬೇಕು ಅನ್ನೋರೂ ನಾಗನ ಭಕ್ತರೂ ಒಟ್ಟಿಗೆ ಕೇಳಬಹುದಾದ ಬೇಡಿಕೆ ಒಂದೇ, ಬನವನ್ನ ಬನವಾಗಿ ಬಿಡಿ. ಹಾಲು ಕಲ್ಲಿಗೆ ಎರೆಯಿರಿ, ಜೀವಂತ ಹಾವಿಗೆ ಕುಡಿಸಬೇಡಿ. ಹಾಲು ಅದರ ಆಹಾರ ಅಲ್ಲ. ಹಬ್ಬಕ್ಕೆ ತರೋ ಹಾವಿಗೆ ವಾರಗಟ್ಟಲೆ ನೀರು ಕೊಡದೆ ಒಣಗಿಸಿರ್ತಾರೆ, ಅದಕ್ಕೇ ಕುಡಿಯುತ್ತೆ.

ಸೋಗೆಮನೆ
ಬಹಳ ಉಪಯೋಗ ಆಯ್ತು. ಒಂದು ಕರಡು ಹಾಕ್ತೀನಿ, ತಿದ್ದಿ.

ಹಾವು ಕಚ್ಚಿತೇ? ಯಾರ ತಪ್ಪೂ ಅಲ್ಲ. ಮೊದಲು ಆಸ್ಪತ್ರೆ, ಆಮೇಲೆ ಹರಕೆ.
ಕೂಡಲೇ 108ಕ್ಕೆ ಕರೆ ಮಾಡಿ. ವಾಹನ ಬರೋದು ತಡವಾದ್ರೆ ಸಿಕ್ಕ ಗಾಡಿಯಲ್ಲಿ ಹೊರಡಿ.
ಉಂಗುರ, ಬಳೆ, ಗಡಿಯಾರ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲಿಗೆ ಅಡಿಕೆ ದಬ್ಬೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಅಲ್ಲಾಡಿಸಬೇಡಿ, ನಡೆಸಬೇಡಿ.
ಬಿಗಿಯಾಗಿ ಕಟ್ಟಬೇಡಿ, ಕಟ್ಟಿದ್ದರೆ ಬಿಚ್ಚಿ. ಕೊಯ್ಯಬೇಡಿ, ಹೀರಬೇಡಿ. ಬೇರು, ಸಾರಾಯಿ, ಬೇವು ಏನೂ ಬಾಯಿಗೆ ಕೊಡಬೇಡಿ.
ಹಾವನ್ನು ಕೊಲ್ಲಬೇಡಿ. ಫೋಟೋ ತೆಗೆಯಿರಿ.

ಅಗ್ರಹಾರ
ಮೊದಲ ಸಾಲು ಹಾಗೇ ಇರಲಿ, ಒಂದಕ್ಷರ ಬದಲಿಸಬೇಡಿ.

ಜಿಗಣೆ ಹೊಳೆ
ಜೀಪು ಹೋಗದ ಮನೆಗಳಿಗೆ ಬೈಕ್ ಸಾಲು ಸೇರಿಸಿ. ಮುಂದೆ ಓಡಿಸೋರು, ನಡುವೆ ಕಚ್ಚಿಸಿಕೊಂಡವರು, ಹಿಂದೆ ಹಿಡ್ಕೊಳ್ಳೋಕೆ ಇನ್ನೊಬ್ಬರು. ಒಬ್ಬರೇ ಹಿಂದೆ ಕೂತ್ರೆ ಮಂಪರು ಬಂದು ಬೀಳ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ. ಇದೆ, ಹಾಗಾಗಿ ಮೊದಲು ಹತ್ತಿರದ ತಾಲೂಕು ಆಸ್ಪತ್ರೆ. ಎಎಸ್‌ವಿ ಇದೆಯಾ ಅಂತ ಹೊರಡುವಾಗಲೇ ಫೋನ್ ಮಾಡಿ ಕೇಳಬೇಕು, ಆ ನಂಬರನ್ನೂ ಬೋರ್ಡಲ್ಲೇ ಬರೀರಿ.

ಸೊಪ್ಪಿನಬೆಟ್ಟ
ಊರಲ್ಲಿ ಔಷಧಿ ಕೊಡೋರನ್ನ ಹೊರಗಿಡಬೇಡಿ. ಬೋರ್ಡ್ ಹಾಕೋ ದಿನ ಅವರಿಂದಲೇ ತೆಂಗಿನಕಾಯಿ ಒಡೆಸಿ. ಅವರ ಹತ್ರ ಯಾರಾದ್ರೂ ಬಂದ್ರೆ 108ಕ್ಕೆ ಮೊದಲ ಕರೆ ಅವರೇ ಮಾಡಲಿ, ಗಾಡಿ ಬರೋವರೆಗೆ ಕೂರಿಸಿ ಧೈರ್ಯ ಹೇಳಲಿ. ಕಾನಂಚು ಹೇಳಿದ ಆ ಸಮಾಧಾನದ ಕೆಲಸ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಬರಲ್ಲ.

ಕಾನಂಚು
ಕಟ್ಟು ಹಾವಿಗೆ ಬೇರೆಯೇ ಸಾಲು ಬೇಕು. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತೆ, ನೋವಿಲ್ಲ, ಬಾವಿಲ್ಲ, ಗಾಯವೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಹಿಡಿದ ಹಾಗೆ, ರೆಪ್ಪೆ ಎತ್ತೋಕೆ ಆಗಲ್ಲ. "ರೆಪ್ಪೆ ಜೋತುಬಿದ್ದರೆ ಕಾಯಬೇಡಿ" ಅಂತ ದಪ್ಪಕ್ಷರದಲ್ಲಿ ಬರೀರಿ. ಮಂಚ, ಹಾಸಿಗೆ ಕೆಳಗೆ ಸಿಗಿಸಿದ ಸೊಳ್ಳೆಪರದೆ, ರಾತ್ರಿ ಓಡಾಡೋಕೆ ಟಾರ್ಚ್, ತೋಟಕ್ಕೆ ಗಂಬೂಟು, ಇಷ್ಟು ಕೆಳಗೆ ಚಿಕ್ಕದಾಗಿ.

ಪಾಳಿ ಡ್ಯೂಟಿ
ಎರಡು ತಿದ್ದುಪಡಿ, ಎರಡೂ ಮುಖ್ಯ. "ಕಟ್ಟಿದ್ದರೆ ಬಿಚ್ಚಿ" ತೆಗೀರಿ. ಬಹಳ ಹೊತ್ತಿನಿಂದ ಬಿಗಿದ ಕಟ್ಟನ್ನ ದಾರಿಯಲ್ಲಿ ಒಮ್ಮೆಲೇ ಬಿಚ್ಚಿದ್ರೆ ತಡೆದು ನಿಂತ ವಿಷ ಒಟ್ಟಿಗೆ ನುಗ್ಗುತ್ತೆ. ಉಸಿರಾಟ ನಿಂತ್ರೆ ನೋಡಿಕೊಳ್ಳೋಕೆ ವೈದ್ಯರು ಸಿದ್ಧ ಇದ್ದಾಗ ಆಸ್ಪತ್ರೆಯಲ್ಲೇ ಬಿಚ್ಚಬೇಕು. "ಈಗಾಗಲೇ ಕಟ್ಟಿದ್ದರೆ ವೈದ್ಯರೇ ಬಿಚ್ಚಲಿ" ಅಂತ ಬರೀರಿ. ಎರಡನೇದು, "ಫೋಟೋ ತೆಗೆಯಿರಿ" ಅಂತ ಬರೆದ್ರೆ ಹುಡುಗರು ಪೊದೆಗೆ ನುಗ್ತಾರೆ, ಇನ್ನೊಬ್ಬರಿಗೆ ಕಡಿತ. "ದೂರದಿಂದ ಸಿಕ್ಕರೆ ಮಾತ್ರ" ಅಂತ ಸೇರಿಸಿ. ಕೊಂದ ಹಾವಿನ ತುಂಡಾದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ಅದನ್ನ ಚೀಲದಲ್ಲಿ ಆಸ್ಪತ್ರೆಗೆ ತರಬೇಡಿ.

ಸೋಗೆಮನೆ
ಎಲ್ಲ ತಿದ್ದಿದೆ. ರೆಪ್ಪೆಯ ಸಾಲು ಕೆಂಪಿನಲ್ಲಿ, ಬೈಕಿನದ್ದಕ್ಕೆ ಚಿತ್ರ. ಪಂಚಮಿಗೆ ಮುಂಚೆ ಮೂರೂ ಗೋಡೆಗೆ ಬರುತ್ತೆ. ತಾಲೂಕು ಆಸ್ಪತ್ರೆ ನಂಬರಿಗೆ ಜಾಗ ಖಾಲಿ ಬಿಟ್ಟಿದೀನಿ, ಬೇರೆ ಊರಿನವರು ಇದೇ ಒಕ್ಕಣೆ ತಗೊಂಡು ತಮ್ಮ ಆಸ್ಪತ್ರೆಯದ್ದು ಹಾಕಿಕೊಳ್ಳಿ.